ಶಶಿಧರ ಆರಿಸಿದ ಹೊಳಪು

ಹೆಡರ್ ಅನ್ನೂ ಶಬ್ದ ಸಂಗವ್ವನ ಕಿವಿಗೆ ಮೊದಲ ಸಲ ಬಿದ್ದದ್ದು ಗೆಣಸು ತೊಳಿಯೂ ದಿವಸ. ಖಾನಾಪುರದ ಮನಿಯ ಹಿತ್ತಲದಾಗ ಕಲ್ಲಿನ ಮ್ಯಾಲ ಕುಂತು, ಬುಟ್ಟಿ ತುಂಬ ಇದ್ದ ಗೆಣಸಿನ ಮಣ್ಣು ಬಿಡಸಾಕ ಹತ್ತಿದ್ದಳು. ಮೊಣಕೈ ತನಕ ಕೆಂಪು ರಾಡಿ. ಆವಾಗ ಬೆಳಗಾವಿಯ ಶಿವಬಸವ ನಗರದಿಂದ ಶಶಿಧರ ಬಂದ. ಶಶಿಧರ ಅಂದ್ರ ಸಂಗವ್ವನ ಗಂಡನ ಅಣ್ಣನ ಮಗ. ಸರಕಾರಿ ಆಫೀಸಿನಾಗ ಹೆಡ್ ಕ್ಲಾರ್ಕ್ ಆಗಿ ರಿಟೈರ್ ಆದಾಂವ. ಪೆನ್ಶನ್ನು, ಸಕ್ಕರಿ ರೋಗ, ಮುಂಜಾನಿ ವಾಕಿಂಗ್ ಎಲ್ಲಾ ಒಮ್ಮೆನ ಚಾಲೂ ಆದಾಂವ. ಚಪ್ಪಲಿ ಬಿಡಲೋ ಬ್ಯಾಡೋ ಅಂತ ಬಾಗಲದಾಗ ಸ್ವಲ್ಪ ಹೊತ್ತು ನಿಂತ. ಆಮ್ಯಾಲ ಒಂದು ಚಪ್ಪಲಿ ಬಿಟ್ಟು, ಒಂದು ಮೆಟ್ಟಿಕೊಂಡು, ಹಿತ್ತಲಕ್ಕ ಬಂದ.

"ಕಾಕೂ, ಹೆಡರ್ ಅಂದ್ರ ಏನಂತ ಗೊತ್ತೈತೇನು ನಿನಗ?"

"ತಿನ್ನೂದೋ, ಉಡೂದೋ?"

"ಎರಡೂ ಅಲ್ಲ. ಗಾಡಿ ಇಂಜಿನ್ನಿನ ಹೊಗಿ ಹೊರಗ ಹೋಗೂ ಕೊಳವಿ."

ಹೇಳಿದ್ರ ತಿಳಿಯೂದಿಲ್ಲ ಅಂತ ಬುಟ್ಟಿಯಿಂದ ನಾಕು ಗೆಣಸು ಆರಿಸಿದ. ಆರಿಸಾಕ ಹೊತ್ತು ಹಿಡೀತು. ಒಂದನ್ನ ಎತ್ತಿ, ಇಟ್ಟು, ಇನ್ನೊಂದನ್ನ ಎತ್ತಿ. ಕಡೀಕ ನಾಕನ್ನೂ ಕಲ್ಲಿನ ಮ್ಯಾಲ ಬಾಗಿಸಿಟ್ಟು, ಬಾಲ ಎಲ್ಲಾ ಒಂದ ಕಡೆ ಕೂಡೂ ಹಂಗ ಜೋಡಿಸಿ ತೋರಿಸಿದ. ಇಂಜಿನ್ನಿನ ನಾಕು ಬಾಯಿಂದ ನಾಕು ಕೊಳವಿ ಹೊಂಟು, ಬಗ್ಗಿ, ಮುಂದ ಒಂದರಾಗ ಕೂಡತಾವಂತ.

"ಹಂದಿ ಮರಿ ಹಾಲು ಕುಡದಂಗ ಕಾಣತೈತಲೋ," ಅಂದಳು ಸಂಗವ್ವ.

ಶಶಿಧರ ನಗಲಿಲ್ಲ. ಕಣ್ಣಾಗ ಒಂದು ಬ್ಯಾರೇನ ಬೆಳಕಿತ್ತು. "ಹೊಳೀಬೇಕು ಕಾಕೂ. ಮುಖ ಕಾಣೂ ಹಂಗ ಹೊಳೀಬೇಕು. ಯಾವ ಹೊಳಪು ಹಚ್ಚಿಸಬೇಕು ಅನ್ನೂದು ಅಷ್ಟ ಉಳದೈತಿ."

"ಹೊಗಿ ಹೋಗೂ ಕೊಳವ್ಯಾಗ ಮುಖ ಯಾಕ ನೋಡಬೇಕೋ ಯಪ್ಪಾ?"

ಶಶಿಧರ ಎಮ್ಮಿ ಕಟ್ಟೂ ಕಡೆ ಕತ್ತು ಹೊರಳಿಸಿದ. ಅವ ಬಂದದ್ದ ಒಂದು ಬೇಡಿಕಿ ಹಿಡಕೊಂಡು. ಸಂಗವ್ವನ ಎಮ್ಮಿ ಸತ್ತು ಹ್ವಾದ ಮ್ಯಾಲ ಅದನ್ನ ಕಟ್ಟೂ ಹಂಚಿನ ಗ್ವಾದಲಿ ಖಾಲಿ ಬಿದ್ದಿತ್ತು. ಅದರಾಗ ತನ್ನ ಹಳೇ ಗಾಡಿ ಇಟ್ಟಕೋಬೇಕಂತ.

ಈ ಗಾಡಿಯ ಕತಿ ಹೇಳಬೇಕಂದ್ರ ಶಶಿಧರನ ಕತೀನ ಹೇಳಬೇಕು. ಸಂಗವ್ವ ಅವನನ್ನ ತೊಟ್ಟಿಲದಾಗಿನಿಂದ ಕಂಡಾಕಿ. ತೊಟ್ಟಿಲದಾಗೂ ಅವ ಅಳಲೋ ನಗಲೋ ಅಂತ ಮಾರಿ ಸೊಟ್ಟ ಮಾಡಿಕೊಂಡು ಬಿದ್ದಿರತಿದ್ದ. ಸಣ್ಣಾಂವ ಇದ್ದಾಗ ಅಂಗಡಿಗೆ ಕಳಿಸಿದ್ರ, ಪೇಪರಮಿಂಟು ತರಲೋ ಚಿಕ್ಕಿ ತರಲೋ ಅಂತ ನಿಂತು ನಿಂತು, ಅಂಗಡಿಯಾಂವ ಬಾಗಲಾ ಹಾಕಿದ ಮ್ಯಾಲ ಬರೇ ಕೈಲೆ ಬರತಿದ್ದ. ಸಿಟ್ಟಿನ ಹುಡುಗ ಅಲ್ಲ, ಹಟದ ಹುಡುಗ ಅಲ್ಲ. ಏನರ ಕೇಳಿದ್ರ ಬಲಗೈ ತೋರಬೆರಳು ಮ್ಯಾಲ ಎತ್ತತಿದ್ದ, ಬಾಯಿ ತೆರೀತಿದ್ದ, ಮಾತು ಮಾತ್ರ ಹಿಂದಿನ ಬಸ್ಸಿಗೆ ಬರತಿತ್ತು. ಅಷ್ಟರಾಗ ಯಾರರ ಬ್ಯಾರೆಯವರು ಅವನ ಪರವಾಗಿ ಹೇಳಿ ಮುಗಿಸಿರತಿದ್ದರು.

ಹೆಣ್ಣು ನೋಡಾಕ ಹ್ವಾದಾಗ ಸಂಗವ್ವನೂ ಹೋಗಿದ್ದಳು. ಪೂರ್ಣಿಮಾ ಉಪ್ಪಿಟ್ಟಿನ ತಾಟು ಇಟ್ಟು ಒಳಗ ಹ್ವಾದಳು. ಹುಡುಗಿ ಹೆಂಗದಾಳ ಅಂತ ಶಶಿಧರನ ಅಪ್ಪ ಕೇಳಿದ. ಶಶಿಧರ ಬೆರಳು ಎತ್ತಿದ. ಬಾಯಾಗ ಉಪ್ಪಿಟ್ಟಿತ್ತು. ಅದನ್ನ ನುಂಗಿ ಮಾತಾಡೂದರಾಗ ಹಿರಿಯಾರು ಎಲಿ ಅಡಕಿ ಬದಲಾಯಿಸಿ, ಲಗ್ನದ ಕಾರ್ಯಾಲಯ, ಊಟದ ಬಗಿ, ಬೀಗರ ಆಯೇರಿ ಎಲ್ಲಾ ನಿಕ್ಕಿ ಮಾಡಿ ಎದ್ದಿದ್ದರು. ಪೂರ್ಣಿಮಾ ಚಲೋ ಹೆಣ್ಣು, ಸಂಸಾರ ಚಲೋ ನಡೀತು. ಆದ್ರ ಅವತ್ತು ಶಶಿಧರ ಏನು ಹೇಳಾಂವ ಇದ್ದ ಅನ್ನೂದು ಪೂರ್ಣಿಮಾಗ ಇವತ್ತಿಗೂ ಗೊತ್ತಿಲ್ಲ. ಜಗಳ ಬಂದಾಗೊಮ್ಮೆ ಅದನ್ನ ತಗೀತಾಳ. "ಹೌದು ಅಂತಿದ್ರೋ, ಬ್ಯಾಡ ಅಂತಿದ್ರೋ, ಈಗರ ಹೇಳ್ರಿ!" ಶಶಿಧರ ಬೆರಳು ಎತ್ತತಾನ.

ಇಂಥಾ ಮನಿಶ್ಯಾಗ ಸರಕಾರ ಅಷ್ಟು ವರ್ಷ ಪಗಾರ ಹೆಂಗ ಕೊಟ್ಟಿತು ಅಂತ ಸಂಗವ್ವಗ ಮೊದಲ ಆಶ್ಚರ್ಯ ಆಗಿತ್ತು. ಆಮ್ಯಾಲ ತಿಳೀತು, ಅಲ್ಲಿ ಇಂಥಾವರ ಬೇಕಂತ. ಯಾವ ಫೈಲು ಬಂದ್ರೂ ಅವ "ಚರ್ಚಿಸಿ" ಅಂತ ಬರದು ಮ್ಯಾಲಿನವರಿಗೆ ಕಳಸತಿದ್ದ. ಅವರು "ಪರಿಶೀಲಿಸಿ" ಅಂತ ಬರದು ಕೆಳಗ ಕಳಸತಿದ್ದರು. ಹಿಂಗ ಅಡ್ಡಾಡಿದ ಕಾಗದ ಒಂದೂ ಎಂದೂ ತಪ್ಪು ಮಾಡಲಿಲ್ಲ. ಬೀಳ್ಕೊಡೂ ದಿವಸ ಸಾಹೇಬ್ರು ಭಾಷಣ ಮಾಡಿ, ಶಶಿಧರ ಅವರ ಸರ್ವಿಸಿನಾಗ ಒಂದ ಒಂದು ತಪ್ಪು ನಿರ್ಧಾರ ಇಲ್ಲ ಅಂದ್ರಂತ. ಎಲ್ಲಾರೂ ಚಪ್ಪಾಳಿ ಹೊಡದರು. ಶಶಿಧರ ಶಾಲು ಹೊತಕೊಂಡು ಮನಿಗೆ ಬಂದ.

ಗಾಡಿ ಆದದ್ದೂ ಹಿಂಗ. ಮಾವನ ಮನಿಯಿಂದ ಬಂದ ಹಳೇ ಫಿಯೆಟ್ ಒಂದು ಕಂಪೌಂಡಿನಾಗ ತುಕ್ಕು ಹಿಡದು ನಿಂತಿತ್ತು. ಮಾರಬೇಕೋ ಇಟ್ಟಕೋಬೇಕೋ ಅನ್ನೂದರಾಗ ಮಾವ ತೀರಕೊಂಡ. ರಿಪೇರಿ ಮಾಡಸಾಕಂತ ಉದ್ಯಮಬಾಗದ ವೆಲ್ಡಿಂಗ್ ಗಜಾನನನ ಕಡೆ ಬಿಟ್ಟ. ಗಜಾನನ ಮುಂದಿನ ಬಾನೆಟ್ ತಗದು ಕೇಳಿದ, "ಸಾಹೇಬ್ರ, ಬಾನೆಟ್ಟಿಗೆ ಯಾವ ಬಣ್ಣ?" ಆ ಬಣ್ಣ ನಿಕ್ಕಿ ಆಗಲಿಲ್ಲ, ಬಾನೆಟ್ ಹತ್ತಲಿಲ್ಲ. ಹಳೇ ಇಂಜಿನ್ ಕೆಟ್ಟಿತ್ತು. ಯಾವುದು ಹಾಕಲಿ ಅಂತ ಕೇಳಿ ಕೇಳಿ ಬ್ಯಾಸತ್ತು, ಗಜಾನನ ತನ್ನ ಅಂಗಡ್ಯಾಗ ಬಿದ್ದಿದ್ದ ದೊಡ್ಡ ಜೀಪಿನ ಇಂಜಿನ್ ಇಳಿಸಿ ಕುಂದರಿಸಿದ. ಅದು ಒಳಗ ಹಿಡೀಲಿಲ್ಲ, ಅರ್ಧ ಹೊರಗ ಬಂತು. ಆವಾಗ ಯಾರೋ ಫೋನಿನಾಗ ಒಂದು ಚಿತ್ರ ತೋರಿಸಿದರು. ಅಮೇರಿಕಾದಾಗ ಶ್ರೀಮಂತರು ಬೇಕಂತನ ಹಿಂಗ ಮಾಡಸತಾರಂತ. ಬಾನೆಟ್ ಇಲ್ಲದ, ಇಂಜಿನ್ ಬತ್ತಲಿ ಬಿಟ್ಟು, ಬಾಜೂಕ ಹೊಳಿಯೂ ಕೊಳವಿ ಇಳಿಬಿಟ್ಟ ಗಾಡಿ. ಹಾಟ್ ರಾಡ್ ಅಂತ ಹೆಸರಂತ. ಶಶಿಧರ ಚಿತ್ರ ನೋಡಿದ, ತನ್ನ ಗಾಡಿ ನೋಡಿದ. ಏನೂ ನಿಕ್ಕಿ ಮಾಡದನ ಮುಕ್ಕಾಲು ಭಾಗ ಹಾಟ್ ರಾಡ್ ಆಗಿ ಹೋಗಿತ್ತು. ಕೊಳವಿ ಅಷ್ಟ ಬಾಕಿ.

ಗಾಡಿ ಕಂಪೌಂಡಿಗೆ ವಾಪಸ್ ಬಂದಾಗ ಪೂರ್ಣಿಮಾ ಎದಿ ಹಿಡಕೊಂಡು ನಿಂತಳು. ಅದು ಬೇಕೋ ನಾ ಬೇಕೋ ಅಂತ ಬ್ಯಾರೆ ಹೆಂಗಸರು ಕೇಳತಿದ್ದರು. ಆಕಿ ಕೇಳಲಿಲ್ಲ. ಕೇಳಿದ್ರ ಉತ್ತರ ಬರೂದರಾಗ ತನ್ನ ಆಯುಷ್ಯ ಮುಗೀತೈತಿ ಅಂತ ಗೊತ್ತಿತ್ತು. ತಾನ ಟೆಂಪೋ ಕರಸಿ, ಗಾಡಿ ಏರಿಸಿ, "ಖಾನಾಪುರದ ಕಾಕೂನ ಗ್ವಾದಲ್ಯಾಗ ಇಟ್ಟ ಬರ್ರಿ" ಅಂತ ಕಳಿಸಿದಳು. ಸಂಗವ್ವ ಗೆಣಸು ತೊಳಿಯೂ ದಿವಸ ಶಶಿಧರ ಬಂದು ಜಾಗ ಕೇಳಿದಾಗ, ಟೆಂಪೋ ಆಗಲೇ ಬಾಗಲದಾಗ ನಿಂತಿತ್ತು.

ಅಂದಿನಿಂದ ಶಶಿಧರ ವಾರದಾಗ ಒಂದೆರಡು ಸಲ ಖಾನಾಪುರಕ್ಕ ಬರೂದು ಚಾಲೂ ಆತು. ಎಮ್ಮಿ ಕಟ್ಟೂ ಗೂಟದ ಬಾಜು ಗಾಡಿ ನಿಂತಿರತಿತ್ತು. ಅವ ಅದರ ಮುಂದ ಕುರ್ಚಿ ಹಾಕಿಕೊಂಡು ಕುಂತಿರತಿದ್ದ. ಗಜಾನನ ನಾಕು ತುಂಡು ಕೊಳವಿ ಮಾದರಿಗೆಂತ ಕೊಟ್ಟು ಕಳಿಸಿದ್ದ. ಒಂದೊಂದಕ್ಕ ಒಂದೊಂದು ಹೊಳಪು. ಅವನ್ನ ಗ್ವಾದಲಿ ಕಟ್ಟಿ ಮ್ಯಾಲ ಸಾಲಾಗಿ ಇಟ್ಟು, ಬಿಸಲಿಗೆ ಹಿಡದು, ನೆರಳಿಗೆ ಹಿಡದು, ಬಾಯಿಲೆ ಹಾ ಅಂತ ಊದಿ, ಒರಸಿ, ಮತ್ತ ಇಡತಿದ್ದ.

ಸಂಗವ್ವ ಒಂದು ದಿವಸ ಚಾ ತಂದು ಕೊಟ್ಟಾಗ ಕೇಳಿದ, "ಇದರಾಗ ಯಾವುದು ಚಲೋ ಕಾಕೂ?"

"ಎಲ್ಲಾ ಕೊಳವೀನ ಅಲಾ."

"ಅಲ್ಲ, ಸರಿಯಾಗಿ ನೋಡು. ಇದು ಕ್ರೋಮು, ಕನ್ನಡಿ ಇದ್ದಂಗ. ಇದು ನಿಕಲ್ಲು, ಇದಕ್ಕ ಸ್ವಲ್ಪ ಹಳದಿ ಛಾಯಾ. ಇದು ಸಿರಾಮಿಕ್ಕು, ಚಾದ ಕಪ್ಪು-ಬಶಿಗೆ ಹಾಕತಾರಲಾ, ಹಂತಾದ ಒಂದು ಲೇಪ ಕೊಟ್ಟು ಭಟ್ಟಿಯಾಗ ಸುಡತಾರ. ಎಷ್ಟ ಕಾದ್ರೂ ಹೊಳಪು ಹೋಗೂದಿಲ್ಲ, ಆದ್ರ ಮುಖ ಕಾಣೂದಿಲ್ಲ. ಕಡೇದು ಬರೇ ಸ್ಟೀಲು, ತಿಕ್ಕಿ ತಿಕ್ಕಿ ಪಾಲಿಶ್ ಮಾಡಿದ್ದು."

"ಮುಖ ಕಾಣೂದ ಬೇಕಂದಿ, ಕ್ರೋಮು ಮಾಡಸು."

"ಅದು ಕಾದ್ರ ನೀಲಿ ಆಗತೈತಂತ ಗಜಾನನ ಅಂತಾನ."

"ಹಂಗಾರ ಆ ಬಶಿದು ಮಾಡಸು."

"ಅದಕ್ಕ ಮುಖ ಕಾಣೂದಿಲ್ಲಲಾ."

"ಹಂಗಾರ ಮನಿಗೆ ಹೋಗಿ ಕನ್ನಡ್ಯಾಗ ಮುಖ ನೋಡಿಕೋ, ಗಾಡಿಗೆ ಬಶಿದು ಹಚ್ಚಸು!"

ಶಶಿಧರ ಬೆರಳು ಎತ್ತಿದ. ಸಂಗವ್ವ ಚಾದ ಕಪ್ಪು ತಗೊಂಡು ಒಳಗ ಹ್ವಾದಳು.

ಮರುವಾರ ಬಂದು ನೋಡತಾನ, ಮಾದರಿ ಮೂರ ಅದಾವು. ಗ್ವಾದಲಿ ಎಲ್ಲಾ ಹುಡುಕಿದ. ಮೇವಿನ ಬುಟ್ಟಿ ಕೊಡವಿದ. ಕಡೀಕ ಅಡಗಿ ಮನಿಯಿಂದ ಊದೂ ಸಪ್ಪಳ ಬಂತು. ಗ್ಯಾಸ್ ಇದ್ರೂ ಸಂಗವ್ವಗ ರೊಟ್ಟಿ ಮಾಡಾಕ ಒಲೀನ ಬೇಕು. ಆಕಿಯ ಹಳೇ ಊದಗೊಳವಿ ಸೀಳಿತ್ತು, ಕಟ್ಟಿ ಮ್ಯಾಲ ಹೊಸಾ ನಾಕು ಬಿದ್ದಿದ್ದವು, ಒಂದು ತಗೊಂಡಿದ್ದಳು. ಅದು ಕ್ರೋಮಿನದು. ಒಲಿ ಕಡೆಯ ತುದಿ ಕೆಂಡಕ್ಕ ತಾಗಿ ತಾಗಿ ನೀಲಿ, ನೇರಳಿ, ಬಂಗಾರ ಎಲ್ಲಾ ಬಣ್ಣ ತಿರುಗಿತ್ತು.

"ಅಯ್ಯಯ್ಯೋ ಕಾಕೂ! ಕ್ರೋಮು!"

"ಊದಾಕ ಹಗರ ಐತಿ, ಚಲೋ ಐತಿ," ಅಂದಳು ಸಂಗವ್ವ, ಹೊಗಿಗೆ ಕಣ್ಣು ಒರಸಿಕೋತ. "ಇಂಥಾದ ಮಾಡಸು ಗಾಡಿಗೆ."

ಹಿಂಗ ಕ್ರೋಮು ಆಟದಿಂದ ಹೊರಗ ಹೋತು. ಶಶಿಧರನ ಆರಿಸೂ ಕೆಲಸದಾಗ ಯಾವುದರ ಒಂದು ಬಾದ್ ಆದದ್ದು ಅದ ಮೊದಲ, ಅದೂ ಒಲಿ ಬಾಯಾಗ. ಆದ್ರ ಅವಗ ಉಳದ ಮೂರೂ ಅಷ್ಟ ಭಾರ ಆದವು. ಆಫೀಸಿನ ಚಟ ಬಿಡಲಿಲ್ಲ. ಮೂರು ಕೊಳವಿಯನ್ನ ಕೈಚೀಲದಾಗ ಹಾಕಿಕೊಂಡು ಮನಿ ಮನಿ ತಿರುಗಿದ. ವಾಕಿಂಗಿಗೆ ಬರೂ ರಿಟೈರ್ ಆದಾವರೆಲ್ಲಾ ಬೆಳಗಾವಿ ಕೋಟೆಯ ಕಟ್ಟಿ ಮ್ಯಾಲ ಕುಂತು ಅವನ್ನ ಕೈಯಿಂದ ಕೈಗೆ ದಾಟಿಸಿದರು. ಒಬ್ಬಾಂವ ನಿಕಲ್ಲು ಅಂದ, ಯಾಕಂದ್ರ ಅವನ ಸಾಲಿ ದಿನದ ಗಂಟಿ ಹಂಗ ಹೊಳೀತಿತ್ತಂತ. ಒಬ್ಬಾಂವ ಕೊಳವಿ ತಗೊಂಡು ಕಣ್ಣಿಗೆ ಹಚ್ಚಿ, ಅದರಾಗಿಂದ ಮಂದಿನ್ನ ನೋಡಿದ. ಇನ್ನೊಬ್ಬ, ಮೊದಲ ನೀ ಗಾಡೀನ ಯಾಕ ಇಟ್ಟಕೊಂಡಿ ಅಂತ ಬುಡದಿಂದ ವಾದ ತಗದ. ಸಿರಾಮಿಕ್ ಅಂದ್ರ ಬಚ್ಚಲದ ಟೈಲ್ಸು ಅಲಾ ಅಂತ ಪೂರ್ಣಿಮಾ ಕೇಳಿದಳು.

ಇದು ಹಿಂಗ ಎಷ್ಟ ದಿನ ನಡೀತಿತ್ತೋ. ಆದ್ರ ಮಗಳು ಸಮೃದ್ಧಿಯ ಲಗ್ನ ಕೂಡಿ ಬಂತು. ವರ ಹಿಂದವಾಡಿಯಾಂವ. ಹುಡುಗನ್ನ ಸಮೃದ್ಧಿ ಆರಿಸಿದ್ದಳು. ಮಂಗಲ ಕಾರ್ಯಾಲಯ, ಸೀರಿ, ಊಟದ ಎಲ್ಲಾ ಬಗಿ ಪೂರ್ಣಿಮಾ ಆರಿಸಿದ್ದಳು. ಮುಹೂರ್ತ ಸ್ವಾಮಿಗಳು ಆರಿಸಿದ್ದರು. ಶಶಿಧರ ಎಲ್ಲಾ ಕಡೆ ಹೋಗಿ ನಿಂತಿದ್ದ. ಒಂದು ರವಿವಾರ ಸಮೃದ್ಧಿ ಅಪ್ಪನ ಜೋಡಿ ಖಾನಾಪುರಕ್ಕ ಬಂದಳು. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ನಕ್ಕು, ಆಮ್ಯಾಲ ನಗು ನಿಲ್ಲಿಸಿ ಅಪ್ಪನ ಮುಂದ ನಿಂತಳು.

"ಅಪ್ಪಾ, ನಾ ಗಂಡನ ಮನಿಗೆ ಇದರಾಗ ಹೋಗಾಕಿ."

ಶಶಿಧರ ಅರಿಬಿ ತಗೊಂಡು ಗಾಡಿ ಬಾಗಲಾ ಒರಸಾಕ ಹತ್ತಿದ.

"ಆದ್ರ ಒಂದು ಮಾತು. ಲಗ್ನದಾಗ ನೀ ಆರಿಸಿದ್ದು ಒಂದಾದ್ರೂ ಇರಬೇಕು. ಒಂದು ಅಂದ್ರ ಒಂದ. ಈ ಪೈಪಿನ ಹೊಳಪು ನೀನ ಆರಿಸು, ಯಾರನ್ನೂ ಕೇಳಬ್ಯಾಡ. ಗಂಡಿನ ಮನಿಯವರು ಹೂವು ಹಚ್ಚಿದ ಬಿಳೇ ಕಾರು ಬಾಡಿಗಿಗೆ ಹೇಳ್ಯಾರ. ನಿಂದು ತಯಾರಾಗಲಿಲ್ಲಂದ್ರ ನಾ ಅದರಾಗ ಹೋಗತೇನಿ, ಎಲ್ಲಾ ಮದುಮಕ್ಕಳು ಹೋದಂಗ."

ಅಷ್ಟಂದು ಕೆಂಪು ಮಣ್ಣು ಸೀರಿಗೆ ಹತ್ತಬಾರದು ಅಂತ ನಿರಿಗಿ ಎತ್ತಿ ಹಿಡಕೊಂಡು ಹ್ವಾದಳು. ಶಶಿಧರ ಗ್ವಾದಲಿ ಕಂಬಕ್ಕ ಆತುಕೊಂಡು ನಿಂತ. ಸಂಗವ್ವಗ ಅವತ್ತು ಅವನ ಮ್ಯಾಲ ಕರುಣಾ ಬಂತು. ಚಿಕ್ಕಿ ತರದನ ಬರೇ ಕೈಲೆ ಬಂದ ಹುಡುಗನ ಮಾರಿ ಹಂಗ ಇತ್ತು.

"ಕಾಕೂ, ಯಾವುದು..." ಅಂದ.

"ಆಕಿ ಏನಂದಳು? ಯಾರನ್ನೂ ಕೇಳಬ್ಯಾಡ ಅಂದಳು."

"ನಾ ಕೇಳಾಕ ಹತ್ತಿಲ್ಲ. ಸುಮ್ನ ಮಾತಾಡಾಕ ಹತ್ತೀನಿ."

ಲಗ್ನದ ದಿನ ಹತ್ತಿರ ಬಂತು. ಶಶಿಧರ ಸಿರಾಮಿಕ್ಕಿನ ತನಕ ಬಂದು, ನಿಕಲ್ಲಿಗೆ ಹೋಗಿ, ಮತ್ತ ಸಿರಾಮಿಕ್ಕಿಗೆ ಬಂದ. ಕಡೀಕ ಒಂದು ಮುಂಜಾನಿ ಧೈರ್ಯ ಮಾಡಿ ಗಜಾನನಗ ಫೋನ್ ಹಚ್ಚಿದ. ಸಂಗವ್ವ ಬಾಜೂಕ ಕುಂತು ಶಾವಿಗಿ ಒಣ ಹಾಕತಿದ್ದಳು. ಫೋನಿನಾಗಿನ ಗಜಾನನನ ದನಿ ಅಂಗಳಕ್ಕ ಎಲ್ಲಾ ಕೇಳತಿತ್ತು.

"ಗಜಾನನ, ನಿಕ್ಕಿ ಆತು. ಸಿರಾಮಿಕ್ಕು."

"ಅಹೋ ಸಾಹೇಬ್ರ, ಅದನ್ನ ಪುಣೆಕ್ಕ ಕಳಸಬೇಕಾಗತೈತ್ರಿ. ಹೋಗಿ, ಸುಟ್ಟು, ಬರೂದರಾಗ ನಿಮ್ಮ ಮಗಳು ತವರಿಗೆ ಮೊದಲ ಹಬ್ಬಕ್ಕ ಬಂದಿರತಾಳ."

"ಹಂಗಾರ... ನಿಕಲ್ಲು?"

"ನಿಕಲ್ ಮಾಡೂ ಮುದಕ ಬಿದ್ದು ಕಾಲು ಮುರಕೊಂಡಾನ್ರಿ. ನಾ ನಿಮ್ಮ ಉತ್ತರ ಕಾಯ್ದು ಕಾಯ್ದು, ಸ್ಟೀಲಿನ ಕೊಳವಿಗೆ ಪಾಲಿಶ್ ಮಾಡಿ ಇಟ್ಟ ಬಿಟ್ಟೇನ್ರಿ. ನಾಳೆ ತಂದು ಹಚ್ಚತೀನಿ."

ಶಶಿಧರ ಫೋನ್ ಕೆಳಗ ಇಟ್ಟ. "ಇದೂ ನಾ ಆರಿಸಿದ್ದಲ್ಲ ಕಾಕೂ," ಅಂದ. ಸಂಗವ್ವ ಶಾವಿಗಿ ಎಳಿ ಎಳಿ ಬಿಡಿಸಿದಳು.

ಗಜಾನನ ಬಂದು ಕೊಳವಿ ಹಚ್ಚಿದ. ಖರೇನ ಹೊಳೀತಿದ್ದವು. ಗ್ವಾದಲಿ ಹಂಚು, ಗೂಟ, ಸಂಗವ್ವನ ಬಿಳೇ ತಲಿ, ಎಲ್ಲಾ ಅದರಾಗ ಸೊಟ್ಟ ಸೊಟ್ಟ ಕಾಣತಿದ್ದವು. ಬಾಜು ಮನಿ ಸಾತವ್ವ ಹಾದಿ ಹಿಡದು ಹೋಗಾಕಿ ನಿಂತು, "ಏನ ಸಂಗಕ್ಕಾ, ಗೋಬರ್ ಗ್ಯಾಸ್ ಹಾಕ್ಸಿದಿ?" ಅಂತ ಕೇಳಿದಳು. ಗಜಾನನ ಹೋಗೂ ಮುಂದ ಬೆರಳು ತೋರಿಸಿ ಹೇಳಿದ. "ಸಾಹೇಬ್ರ, ಅಜ್ಜೀ, ಇಬ್ಬರೂ ಕೇಳ್ರಿ. ಮೊದಲ ಸಲ ಇಂಜಿನ್ ಚಾಲೂ ಮಾಡೂ ತನಕ ಇವನ್ನ ಬರೇ ಕೈಲೆ ಮುಟ್ಟಬ್ಯಾಡ್ರಿ. ಕೈಯಾಗಿನ ಎಣ್ಣಿ ಅಂಟಿ, ಅದರ ಮ್ಯಾಲ ಕಾದ್ರ ಗುರುತು ಕುಂತ ಬಿಡತೈತಿ. ಆಮ್ಯಾಲ ಆ ಬ್ರಹ್ಮ ಬಂದ್ರೂ ಹೋಗೂದಿಲ್ಲ."

ಶಶಿಧರ ಮೂಲಿಯಾಗಿದ್ದ ಹಳೇ ಧೋತರ ತಂದು ಕೊಳವಿಗೆ ಹೊಚ್ಚಿದ, ಕೂಸಿಗೆ ಹೊಚ್ಚಿದಂಗ.

ಲಗ್ನದ ದಿವಸ ಬೆಳ್ಳಂಬೆಳಗ್ಗೆ ಅವ ಬಂದ. ಹೊಸಾ ಅಂಗಿ, ಜರಿ ಪಟಗಾ. ಸಂಗವ್ವನೂ ಅವನ ಜೋಡಿ ಗಾಡ್ಯಾಗ ಬರಾಕಿ. ಲಗ್ನಕ್ಕ ಒಯ್ಯಾಕ ಅಂತ ಕರಚಿಕಾಯಿ ಕರದು, ಡಬ್ಬಿಗೆ ತುಂಬಿ, ಕೈ ಸೆರಗಿಗೆ ಒರಸಿಕೋತ ಹೊರಗ ಬಂದಳು. ಶಶಿಧರ ಧೋತರ ತಗದು, ಗಜಾನನ ಕೊಟ್ಟ ಸ್ಪಿರಿಟಿನಾಗ ಅರಿಬಿ ಅದ್ದಿ, ಕೊಳವಿ ಒಂದೊಂದನ್ನ ಒರಸಿದ. ಗಾಡಿ ಹತ್ತಿ ಕೀಲಿಗೆ ಕೈ ಹಾಕಿದ. ಕೀಲಿ ತಿರುವಲಿಲ್ಲ.

"ಯಾಕೋ?"

"ಪೂಜಾ ಆಗಿಲ್ಲಲಾ ಕಾಕೂ."

ಖರೇ ಮಾತು. ಹೊಸಾ ಕುಕ್ಕರ್ ಬಂದ್ರೂ ಹಣಿಗೆ ಈಬತ್ತಿ ಹಚ್ಚದ ಒಲಿ ಮ್ಯಾಲ ಇಡೂ ಮನಿತನ ಅಲ್ಲ ಅವರದು. ಸಂಗವ್ವ ಒಳಗ ಹೋಗಿ ವಿಭೂತಿ ಗಟ್ಟಿ, ಬಟ್ಟಲದಾಗ ನೀರು ತಂದಳು. ಗಂಡ ಸತ್ತಾಕಿ ಮಂಗಲ ಕೆಲಸಕ್ಕ ಮುಂದ ಬರಬಾರದು ಅನ್ನೂದು ಬ್ಯಾರೆಯವರಲ್ಲಿ. ಈಬತ್ತಿ ಎಲ್ಲಾರಿಗೂ ಒಂದ ಅಂತ ಆಕಿಯ ಅತ್ತಿ ಹೇಳಿದ್ದಳು, ಅದನ್ನ ಆಕಿ ಬಿಟ್ಟಿರಲಿಲ್ಲ. ನೀರಾಗ ಗಟ್ಟಿ ತೇದು, ಮೂರು ಬೆರಳಿಗೆ ಹಚ್ಚಿಕೊಂಡು, ಗಾಡಿ ಮುಂದ ಬಂದು ನಿಂತಳು. ನಿಂತು ಗೊಂದಲ ಆತು. ಎಮ್ಮಿಗೆ ಹಣಿ ಐತಿ. ಬ್ಯಾರೆಯವರ ಕಾರಿಗೆ ಬಾನೆಟ್ ಅಂತ ಒಂದು ಹಣಿ ಇರತೈತಿ. ಇದಕ್ಕ ಮುಂದ ಬರೇ ಕರುಳು.

"ಶಶಿ, ಇದಕ್ಕ ಹಣಿ ಎಲ್ಲಿ ಐತೋ?"

ಶಶಿಧರ ಕಿಡಕ್ಯಾಗಿಂದ ತಲಿ ಹೊರಗ ಹಾಕಿ ನೋಡಿದ. ಎಲ್ಲಿ ಹಚ್ಚಿದ್ರೂ ಅಡ್ಡಿ ಇಲ್ಲ, ಈ ಕೊಳವಿಗೆ ಮಾತ್ರ ಹಚ್ಚಬ್ಯಾಡ, ಅನ್ನೂ ಮಾತು ಅವನ ಮನಸ್ಸಿನಾಗ ಇತ್ತು. ಅದನ್ನ ಹೇಳಾಕ ರೂಢಿಯಂಗ ಮೊದಲ ಬೆರಳು ಎತ್ತಿದ. ಬೆರಳು ನೆಟ್ಟಗ ಕೊಳವಿ ಕಡೆ ಹೋತು. ಮಾತು ಹಿಂದಿನ ಬಸ್ಸಿನಾಗಿತ್ತು.

"ಇಲ್ಲೇನು? ಆತು," ಅಂದು ಸಂಗವ್ವ ಮೊದಲನೇ ಕೊಳವಿಗೆ ಮೂರು ಬೆರಳು ಎಳದಳು. ಎರಡನೇದಕ್ಕ ಎಳದಳು. ಮೂರನೇದಕ್ಕ, ನಾಕನೇದಕ್ಕ. ಗಜಾನನ ಮುಟ್ಟಬ್ಯಾಡ್ರಿ ಅಂದದ್ದು ಆಕಿಗೆ ನೆನಪಿತ್ತು. ಆದ್ರ ಈಬತ್ತಿ ಹಚ್ಚೂದು ಮುಟ್ಟೂದು ಹೆಂಗಾಗತೈತಿ? ಕೈಯಾಗಿನ ಕರಚಿಕಾಯಿ ಎಣ್ಣಿ ಮಾತ್ರ ಆಕಿಗೆ ನೆನಪಿರಲಿಲ್ಲ.

"...ಹಚ್ಚಬ್ಯಾಡ," ಅಂದ ಶಶಿಧರ.

ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿದರು. ಹಚ್ಚಿದ ಈಬತ್ತಿ ಲಗ್ನದ ದಿವಸ ಒರಸೂದು ಅಂದ್ರ ಅವನ ಕೈಲೂ ಆಗೂದಿಲ್ಲ, ಆಕಿ ಬಾಯಿಲೂ ಬರೂದಿಲ್ಲ. ಶಶಿಧರ ಕಣ್ಣು ಮುಚ್ಚಿ ಕೀಲಿ ತಿರುವಿದ.

ಆ ಸಪ್ಪಳಕ್ಕ ಸಾತವ್ವನ ಕೋಳಿ ಎಲ್ಲಾ ಹಂಚಿನ ಮ್ಯಾಲ ಹತ್ತಿದವು. ಗಾಡಿ ಹೊಂಟಿತು. ಖಾನಾಪುರ ದಾಟೂದರಾಗ ಕೊಳವಿ ಕಾದವು. ಬೂದಿ ಒಣಗಿ ಗಾಳಿಗೆ ಹಾರಿ ಹೋತು, ಮೂರು ಗೆರಿ ಹೋಗಲಿಲ್ಲ. ಮೊದಲ ಹಳದಿ ಆದವು, ಆಮ್ಯಾಲ ಜೇನಿನ ಬಣ್ಣ, ಆಮ್ಯಾಲ ಅಂಚಿಗೆ ಒಂದು ಎಳಿ ನೀಲಿ. ಶಶಿಧರ ಹಾದಿ ಬಾಜು ನಿಲ್ಲಿಸಿ, ಪಟಗಾದ ತುದಿಲೆ ತಿಕ್ಕಾಕ ಹೋಗಿ ಬೆರಳು ಸುಟಕೊಂಡ. ಬೆರಳು ಬಾಯಾಗ ಇಟ್ಟಕೊಂಡು ರಸ್ತೆದಾಗ ನಿಂತ.

"ಹಾಳಾತು ಕಾಕೂ. ಎಲ್ಲಾ ಹಾಳಾತು. ಆಕಿ ಬಿಳೇ ಕಾರಿನಾಗ ಹೋಗತಾಳ."

ಸಂಗವ್ವ ತೊಡಿ ಮ್ಯಾಲಿನ ಡಬ್ಬಿ ಗಟ್ಟಿ ಹಿಡಕೊಂಡು ಕುಂತಳು. ತನ್ನ ಬೆರಳಿನ ಅಚ್ಚು ಅಷ್ಟು ಚಂದ ಬಂದದ್ದನ್ನ ಆಕಿ ಜೀವನದಾಗ ನೋಡಿರಲಿಲ್ಲ. ಅದನ್ನ ಹೇಳೂ ಹೊತ್ತು ಅದಲ್ಲ. "ಮುಹೂರ್ತ ಮೀರತೈತಿ, ಹತ್ತು," ಅಂದಳು ಅಷ್ಟ.

ಕಾರ್ಯಾಲಯದ ಮುಂದ ಗಾಡಿ ನಿಂತಾಗ, ಬ್ಯಾಂಡಿನವರು ತಮ್ಮ ಸಪ್ಪಳ ಕೇಳದನ ನುಡಸೂದು ನಿಲ್ಲಿಸಿದರು. ಮಂದಿ ಕೂಡಿದರು. ಎಲ್ಲಾರಿಗಿಂತ ಮುಂದ ಬಂದಾಂವ ಬೀಗ ನಾಗಲಿಂಗ, ವರನ ಅಪ್ಪ. ಹಿಂದವಾಡ್ಯಾಗ ಅವಗ ದೊಡ್ಡ ಫರ್ನಿಚರ್ ಶೋರೂಮು; ಯಾವ ವಸ್ತು ಕಂಡ್ರೂ ಗೆಣ್ಣಿನಿಂದ ಬಡದು ನೋಡೂ ಚಟ. ಕೊಳವಿ ಮುಂದ ಬಗ್ಗಿ, ಕನ್ನಡಕ ಹಣಿ ಮ್ಯಾಲ ಏರಿಸಿ, ಬಹಳ ಹೊತ್ತು ನೋಡಿದ.

"ಬೀಗರ, ಇದು... ಇದೇನ್ರಿ ಇದು? ಲೇಸರ್ ಕೆಲಸೇನು?"

ಶಶಿಧರ ಬೆರಳು ಎತ್ತಿದ. ಸುಟ್ಟ ಬೆರಳು. ಬಾಯಿ ತೆರದ.

"ಲೇಸರ್ ಇಲ್ಲದ ಇಷ್ಟು ನಾಜೂಕ ಬರೂದಿಲ್ಲ," ಅಂದ ಹಿಂದಿದ್ದಾಂವ ಒಬ್ಬ. "ಜಪಾನಿಂದು ಇರಬೇಕು." "ಜಪಾನಿನಾಗ ತ್ರಿಪುಂಡ್ರ ಯಾರು ಹಚ್ಚತಾರಲೇ? ಆರ್ಡರ್ ಕೊಟ್ಟು ಮಾಡಸ್ಯಾರ." "ನೋಡ್ರಿ, ನಾಕೂ ಕೊಳವಿಗೆ ಮೂರು ಮೂರು. ಒಳಗಿಂದ ಬಂದಂಗ ಐತಿ, ಮ್ಯಾಲ ಹಚ್ಚಿದ್ದಲ್ಲ." "ಸಂಸ್ಕಾರ ಅಂದ್ರ ಇದು. ಮಂದಿ ಫಾರಿನ್ ಗಾಡಿ ತಗೊಂಡು ಧರ್ಮ ಬಿಡತಾರ, ಇವರು ಸೈಲೆನ್ಸರಿಗೂ ಈಬತ್ತಿ ಬಿಟ್ಟಿಲ್ಲ."

ನಾಗಲಿಂಗ ಕೈಮುಗದ. ಕೊಳವಿಗೋ, ಬೀಗಗೋ, ಯಾರಿಗೂ ತಿಳೀಲಿಲ್ಲ. ಹೂವು ಹಚ್ಚಿದ ಬಿಳೇ ಕಾರು ಬಾಜೂಕ ನಿಂತಿತ್ತು. ಅದರ ಡ್ರೈವರನೂ ಇಳದು ಬಂದು ಫೋಟೋ ತಗೀತಿದ್ದ.

ಅಷ್ಟರಾಗ ಮದುಮಗಳ ಸೀರ್ಯಾಗ ಸಮೃದ್ಧಿ ಬಾಗಲಕ್ಕ ಬಂದಳು. ಗದ್ದಲ ಸರದು ದಾರಿ ಆತು. ಆಕಿ ಕೊಳವಿ ನೋಡಿದಳು, ಅಪ್ಪನ ಮಾರಿ ನೋಡಿದಳು.

"ಅಪ್ಪಾ, ಇದು ನೀ ಆರಿಸಿದ್ದೇನು?"

ಆ ಹೊತ್ತಿನಾಗ ಸಂಗವ್ವ ಡಬ್ಬಿ ಹಿಡಕೊಂಡು ಶಶಿಧರನ ಹಿಂದ ನಿಂತಿದ್ದಳು. ಅವ ಬೆರಳು ಎತ್ತಲಿಲ್ಲ. ಅದನ್ನ ಆಕಿ ಕಣ್ಣಾರೆ ನೋಡಿದಳು. ಕೈ ಕಿಸೆದಾಗ ಇತ್ತು, ಮಾತು ಮೊದಲ ಬಂತು.

"ಹೌದು. ನಾನ."

ಸಮೃದ್ಧಿ ಅತ್ತಳು. ಪೂರ್ಣಿಮಾ ಹಿಂದಿಂದ ಬಂದು ಗಂಡನ್ನ ಅಡಿಯಿಂದ ಮುಡಿತನಕ ನೋಡಿ, "ಉಪ್ಪಿಟ್ಟು ತಿನ್ನೂವಾಗ ಇಷ್ಟು ಲಗೂ ಮಾತಾಡಿದ್ರ ನಾ ಬ್ಯಾರೆಯವರ ಮನಿಗೆ ಹೋಗಿರತಿದ್ದೆನೋ ಏನೋ" ಅಂದಳು. ಅಂದು, ಅವನ ಪಟಗಾ ನೆಟ್ಟಗ ಮಾಡಿದಳು. ಅಕ್ಕಿಕಾಳು ಬಿದ್ದವು, ಊಟ ಆತು, ಸಂಜೀಕ ಸಮೃದ್ಧಿ ಅದ ಗಾಡ್ಯಾಗ ಹಿಂದವಾಡಿಗೆ ಹ್ವಾದಳು. ಬಿಳೇ ಕಾರು ಉಳದ ಹೋಳಿಗಿ ಬುಟ್ಟಿ ಹೊತಕೊಂಡು ಹಿಂದ ಹೋತು.

ಈಗ ಶಶಿಧರ ಬ್ಯಾರೇನ ಮನಿಶ್ಯಾ. ಗಾಡಿ ಶಿವಬಸವ ನಗರದ ಕಂಪೌಂಡಿನಾಗ ನಿಲ್ಲತೈತಿ, ಪೂರ್ಣಿಮಾನ ಅದಕ್ಕ ಹೊದಿಕಿ ಹೊಲಿಸ್ಯಾಳ. ಬುಲೆಟ್ಟಿನ ಹುಡುಗರು ಯಾವ ಹೊಳಪು ಹಚ್ಚಿಸಬೇಕು ಅಂತ ಕೇಳಾಕ ಬರತಾರ. ಅವರ ಮಾತು ಮುಗಿಯೂದರಾಗ ಶಶಿಧರ ಉತ್ತರ ಹೇಳಿರತಾನ. ಕೋಟೆ ಕಟ್ಟಿ ಮ್ಯಾಲ ಮಂದಿಯ ಜಾಗಾ ಜಮೀನು, ಸೊಸಿ, ಮೊಣಕಾಲಿನ ಆಪರೇಶನ್ನು, ಎಲ್ಲಾದಕ್ಕೂ ನಿಂತ ನಿಲುವಿನಾಗ ನಿರ್ಧಾರ ಕೊಡತಾನಂತ. ಅದರಾಗ ಒಂದೆರಡು ಮನಿ ಮುರದಾವು ಅಂತಲೂ ಸುದ್ದಿ ಐತಿ. ಯಾರನ್ನೂ ಏನೂ ಕೇಳೂದಿಲ್ಲ. ಗಜಾನನ ಮಾತ್ರ ಒಂದು ಬೋರ್ಡ್ ಹಚ್ಚ್ಯಾನಂತ, ಇಲ್ಲಿ ತ್ರಿಪುಂಡ್ರ ಫಿನಿಶ್ ಮಾಡಿ ಕೊಡಲಾಗುವುದು ಅಂತ. ಯಾರು ಮಾಡಿಸಿದ್ರೂ ಆ ಬಣ್ಣ ಬರವಲ್ದಂತ. ಕರಚಿಕಾಯಿ ಎಣ್ಣಿ ಅವಗ ಯಾರು ಹೇಳಬೇಕು?

ಗ್ವಾದಲಿ ಖಾಲಿ ಮಾಡಾಕ ಅಂತ ಶಶಿಧರ ಕಡೇ ಸಲ ಖಾನಾಪುರಕ್ಕ ಬಂದದ್ದು ಲಗ್ನ ಆದ ಮ್ಯಾಲ, ಒಂದು ಮಧ್ಯಾಹ್ನ. ಎರಡೂ ಚಪ್ಪಲಿ ಬಿಟ್ಟು ಒಳಗ ಬಂದ. ಕುರ್ಚಿ ಮಡಚಿದ, ಧೋತರ ಸುತ್ತಿದ, ಉಳದ ಮೂರು ಮಾದರಿ ಚೀಲಕ್ಕ ಹಾಕಿದ. ನಾಕನೇದು ಒಲಿ ಬಾಜೂಕ ಇತ್ತು, ಅದನ್ನ ಕೇಳಲಿಲ್ಲ. ಸಂಗವ್ವ ಅದರಾಗಿಂದ ಊದಿ ಚಾ ಕಾಸಿ ಕೊಟ್ಟಳು. ಚಾ ಕುಡದು, ಕಪ್ಪು ಇಟ್ಟು, ಬಾಗಲ ತನಕ ಹೋಗಿ, ತಿರುಗಿ ಬಂದ. ಬಲಗೈ ತೋರಬೆರಳು ಮ್ಯಾಲ ಹೋತು. ಸುಟ್ಟ ಗುರುತು ಇನ್ನೂ ಇತ್ತು. ಸಂಗವ್ವ ಊದಗೊಳವಿ ಕೆಳಗ ಇಟ್ಟು, ಆ ಬೆರಳಿನ ಹಿಂದಿನ ಮಾತು ಬರೂ ತನಕ ಕಾಯ್ದಳು. ಹಳೇ ಶಶಿಧರನ್ನ ಆಕಿ ಕಂಡದ್ದು ಅದ ಕಡೇ.

"ಕಾಕೂ," ಅಂದ, "ಯಾರರ ಬಂದು ಕೇಳಿದ್ರ... ಬೆರಳು ನಿಂದು, ಖರೇ. ಆದ್ರ ಎಲ್ಲಿ ಹಚ್ಚಬೇಕು ಅಂತ ತೋರಿಸಿದಾಂವ ನಾನ ಅಂತ ಹೇಳತಿ, ಹೌದಲಾ?"